ಕಾಳಿ ಒಂದು ಶಾರ್ಪೋ ಫ್ಲ್ಯಾಟೋ: ನಮ್ಮ ಕಾರ್ಡ್ ವಹಿಯ ಕೆಲಸ ಇಲ್ಲಿಯವರೆಗೆ

ಜೂನ್

ಬೆಳಗಾವಿಯ ನಮ್ಮ ಭಜನಾ ತಂಡದಲ್ಲಿ ಹಾರ್ಮೋನಿಯಂ, ಕೀಬೋರ್ಡ್, ಗಿಟಾರ್, ಕ್ಲಾರಿನೆಟ್ ನಾಲ್ಕೂ ಇವೆ. ವಚನ, ದಾಸರ ಪದ, ಅಭಂಗ ಮೂರನ್ನೂ ಹಾಡುತ್ತೇವೆ. ಪ್ರತಿ ಹಾಡಿನ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು, ಒಂದೇ ಕಡೆ ಬರೆದಿಡುವ ವಹಿ ಬೇಕೆಂಬ ಮಾತು ಬಹಳ ಹಳೆಯದು. ಈ ಮಳೆಗಾಲದಲ್ಲಿ ಆ ಕೆಲಸವನ್ನು ನಾನೇ ಕೈಗೆತ್ತಿಕೊಂಡಿದ್ದೇನೆ. ಹಾರ್ಮೋನಿಯಂ ಕಾಕಾ ಪಟ್ಟಿಯನ್ನು, ಅಂದರೆ ಸಾ ಯಾವ ಕೀ ಮೇಲೆ ಎಂಬುದನ್ನು, ಹೇಳುವುದು ಕಾಳಿ ಒಂದು, ಕಾಳಿ ಐದು, ಬಿಳಿ ನಾಲ್ಕು ಎಂದು: ಸಿ ಕೀಯಿಂದ ಎಣಿಸಿದ ಒಂದನೆಯ ಕಪ್ಪು ಕೀ, ಐದನೆಯ ಕಪ್ಪು ಕೀ, ನಾಲ್ಕನೆಯ ಬಿಳಿ ಕೀ. ಗಿಟಾರಿನ ಹುಡುಗನಿಗೆ ಕಪ್ಪು ಕೀಗಳೆಲ್ಲ ಶಾರ್ಪ್, ಎಡಗಡೆಯ ಬಿಳಿ ಕೀಗಿಂತ ಅರ್ಧಸ್ವರ ಮೇಲೆ. ಮದುವೆ ಬ್ಯಾಂಡಿನಲ್ಲಿ ಪಳಗಿದ ಕ್ಲಾರಿನೆಟ್ ಅಣ್ಣನಿಗೆ ಅವೆಲ್ಲ ಫ್ಲ್ಯಾಟ್, ಬಲಗಡೆಯ ಬಿಳಿ ಕೀಗಿಂತ ಅರ್ಧಸ್ವರ ಕೆಳಗೆ. ಹಳೆಯ ಚೀಟಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಒಂದೇ ಹಾಡಿನಲ್ಲಿ ಸಿ ಶಾರ್ಪ್, ಎಫ್ ಶಾರ್ಪ್, ಎ ಫ್ಲ್ಯಾಟ್ ಎಂಬ ಮೂರು ಕಾರ್ಡುಗಳು ಪಕ್ಕಪಕ್ಕದಲ್ಲಿವೆ.

ನುಡಿಸುವವನ ಬೆರಳು ಸರಿಯಾದ ಕೀ ಮೇಲೆಯೇ ಬೀಳುತ್ತದೆ, ನಿಜ. ಆದರೆ ಆ ಚೀಟಿ ಓದುಗನ ಕಣ್ಣಿಗೆ ಸುಳ್ಳು ಹೇಳುತ್ತದೆ. ಸಾ ಎಂಬುದು ಸಿ ಅಕ್ಷರದ ಮೇಲಿದ್ದರೆ ರೇ ಡಿ ಮೇಲೆ, ಗ ಇ ಮೇಲೆ, ಮ ಎಫ್ ಮೇಲೆ, ಪ ಜಿ ಮೇಲೆ ಬರಬೇಕು. ಎ ಅಕ್ಷರ ಧೈವತದ ಜಾಗ. ಪಂಚಮದ ಕಾರ್ಡನ್ನು ಎ ಫ್ಲ್ಯಾಟ್ ಎಂದು ಬರೆದರೆ ಪಂಚಮವನ್ನು ಧೈವತದ ಮನೆಯಲ್ಲಿ ಕೂಡಿಸಿದಂತಾಗುತ್ತದೆ. ಹಾಗಾಗಿ ವಹಿಯ ಮೊದಲ ನಿಯಮ ಖಚಿತವಾಯಿತು: ಏಳು ಸ್ವರಗಳಿಗೆ ಏಳು ಅಕ್ಷರಗಳು, ಯಾವುದೂ ಎರಡು ಸಲ ಬರಬಾರದು, ಯಾವುದೂ ಬಿಟ್ಟುಹೋಗಬಾರದು.

ಈ ನಿಯಮವನ್ನು ಪಾಶ್ಚಾತ್ಯರಿಂದ ಎರವಲು ತಂದ ಹೊರೆ ಎಂದು ತಿಳಿಯಬೇಕಾಗಿಲ್ಲ. ಹಿಂದೂಸ್ತಾನಿ ರಾಗಗಳನ್ನು ವಿಂಗಡಿಸಲು ಭಾತಖಂಡೆಯವರು ಗೊತ್ತುಮಾಡಿದ ಹತ್ತು ಥಾಟುಗಳಲ್ಲಿಯೂ, ಅಂದರೆ ಸ್ವರಗಳ ಚೌಕಟ್ಟುಗಳಲ್ಲಿಯೂ, ಏಳು ಹೆಸರುಗಳು ಒಂದೊಂದೇ ಸಲ ಬರುತ್ತವೆ. ಅರ್ಧಸ್ವರ ಇಳಿಸಿದ ಕೋಮಲಕ್ಕೆ ಅಡಿಗೆರೆ, ಅರ್ಧಸ್ವರ ಏರಿಸಿದ ತೀವ್ರ ಮಧ್ಯಮಕ್ಕೆ ತಲೆಯ ಮೇಲೊಂದು ನಿಂತ ಗೆರೆ. ಹೆಸರು ಮಾತ್ರ ಬದಲಾಗುವುದಿಲ್ಲ. ಕಾಫಿ ಥಾಟಿನ ಮೂರನೆಯ ಸ್ವರವನ್ನು ಯಾರೂ ‘ತೀವ್ರ ರಿಷಭ’ ಎನ್ನುವುದಿಲ್ಲ, ಅದು ಕೋಮಲ ಗಾಂಧಾರವೇ. ಆದ್ದರಿಂದ ಸಾ ಸಿ ಆದಾಗ ಅದು ಇ ಫ್ಲ್ಯಾಟ್, ಡಿ ಶಾರ್ಪ್ ಅಲ್ಲ. ಬಿಳಿ ಎರಡರಿಂದ ಭೈರವ ಹಾಡಿದರೆ ಡಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಜಿ, ಎ, ಬಿ ಫ್ಲ್ಯಾಟ್, ಸಿ ಶಾರ್ಪ್. ಒಂದೇ ಸಾಲಿನಲ್ಲಿ ಎರಡೂ ಬಗೆ ಬಂದವು, ತಪ್ಪೇನಿಲ್ಲ. ಒಂದು ಹಾಡಿನಲ್ಲಿ ಶಾರ್ಪ್ ಇದ್ದರೆ ಫ್ಲ್ಯಾಟ್ ಇರಬಾರದು ಎಂದು ಅನೇಕರು ನಂಬಿದ್ದಾರೆ. ಆ ನಂಬಿಕೆಗೆ ಆಧಾರವಿಲ್ಲ.

ಜುಲೈ ಮೊದಲ ವಾರ

ಹೊರಗೆ ಎಡೆಬಿಡದ ಮಳೆ, ತಾಲೀಮು ನಡೆಯಲಿಲ್ಲ. ಕಾಳಿ ಒಂದನ್ನು ಹಿಡಿದು ಕುಳಿತೆ, ಏಕೆಂದರೆ ನಮ್ಮ ಗಂಡಸರ ಹಾಡುಗಳಲ್ಲಿ ಹೆಚ್ಚಿನವು ಅದೇ ಪಟ್ಟಿಯಲ್ಲಿವೆ. ಸಾ ಅನ್ನು ಒಮ್ಮೆ ಸಿ ಶಾರ್ಪ್ ಎಂದೂ ಇನ್ನೊಮ್ಮೆ ಡಿ ಫ್ಲ್ಯಾಟ್ ಎಂದೂ ಹಿಡಿದು, ಒಂದೊಂದು ಥಾಟಿಗೂ ಎಷ್ಟು ಚಿಹ್ನೆ ಬೇಕಾಗುತ್ತವೆ ಎಂದು ಎಣಿಸಿದೆ.

ಕಲ್ಯಾಣಕ್ಕೆ ಡಿ ಫ್ಲ್ಯಾಟಿನಲ್ಲಿ 4 ಫ್ಲ್ಯಾಟ್, ಸಿ ಶಾರ್ಪಿನಲ್ಲಿ 8 ಶಾರ್ಪ್. ಬಿಲಾವಲಕ್ಕೆ 5 ಮತ್ತು 7. ಖಮಾಜಕ್ಕೆ 6 ಮತ್ತು 6. ಕಾಫಿಯಲ್ಲಿ ತಕ್ಕಡಿ ತಿರುಗುತ್ತದೆ: 7 ಫ್ಲ್ಯಾಟ್, 5 ಶಾರ್ಪ್. ಆಸಾವರಿಯಲ್ಲಿ 8 ಮತ್ತು 4. ಭೈರವಿಯಲ್ಲಿ 9 ಫ್ಲ್ಯಾಟ್, ಬರೀ 3 ಶಾರ್ಪ್. ಭೈರವಿಯನ್ನು ಡಿ ಫ್ಲ್ಯಾಟಿನಿಂದ ಬರೆದರೆ ಇ ಡಬಲ್ ಫ್ಲ್ಯಾಟ್, ಬಿ ಡಬಲ್ ಫ್ಲ್ಯಾಟ್ (ಎರಡು ಅರ್ಧಸ್ವರ ಇಳಿಸಿದವು) ಬರುತ್ತವೆ. ಸಿ ಶಾರ್ಪಿನಿಂದ ಬರೆದರೆ ಅದೇ ಸ್ವರಗಳು ಸರಳವಾದ ಡಿ ಮತ್ತು ಎ.

ಅಂದರೆ ಕಪ್ಪು ಕೀಯ ಹೆಸರನ್ನು ಪಟ್ಟಿ ನೋಡಿ ತೀರ್ಮಾನಿಸಲಾಗದು. ರಾಗ ಯಾವುದೆಂದು ತಿಳಿದ ಮೇಲೆಯೇ ಅದಕ್ಕೆ ಹೆಸರು. ಗಿಟಾರಿನ ಹುಡುಗನೂ ಕ್ಲಾರಿನೆಟ್ ಅಣ್ಣನೂ ಇಷ್ಟು ದಿನ ಮಾಡಿದ ವಾದದಲ್ಲಿ ಇಬ್ಬರೂ ಅರ್ಧ ಅರ್ಧ ಸರಿ. ಒಬ್ಬನ ಕಿವಿಯಲ್ಲಿ ಭೈರವಿ ಇತ್ತು, ಇನ್ನೊಬ್ಬರ ಕಿವಿಯಲ್ಲಿ ಬಿಲಾವಲ.

ಎಣಿಕೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಪ್ರತಿ ಜೋಡಿಯನ್ನು ಕೂಡಿಸಿದರೆ 12 ಬರುತ್ತದೆ. ಕಾರಣ ಸುಲಭ: ಸಿ ಶಾರ್ಪ್ ಬಿಟ್ಟು ಡಿ ಫ್ಲ್ಯಾಟ್ ಹಿಡಿದಾಗ ಏಳೂ ಅಕ್ಷರಗಳು ಒಂದೊಂದು ಮೆಟ್ಟಿಲು ಮೇಲೇರುತ್ತವೆ, ಆ ಏಳು ಮೆಟ್ಟಿಲುಗಳ ಒಟ್ಟು ಎತ್ತರ ಒಂದು ಸಪ್ತಕ, ಅಂದರೆ 12 ಅರ್ಧಸ್ವರ. ಆದ್ದರಿಂದ ಒಂದು ಹೆಸರಿನ ಚಿಹ್ನೆಗಳನ್ನು ಎಣಿಸಿದರೆ ಸಾಕು. ಆರಕ್ಕಿಂತ ಹೆಚ್ಚಾದರೆ ಇನ್ನೊಂದು ಹೆಸರನ್ನು ಹಿಡಿಯಬೇಕು. ಡಬಲ್ ಚಿಹ್ನೆಯನ್ನು ಎರಡೆಂದು ಎಣಿಸಬೇಕು, ಅಷ್ಟೇ.

ಉಳಿದ ನಾಲ್ಕು ಕಪ್ಪು ಕೀಗಳನ್ನೂ ಹೀಗೆಯೇ ನೋಡಿದೆ. ಶಾರ್ಪು ಫ್ಲ್ಯಾಟುಗಳು ಸರಿಸಮವಾಗಿ ಆರಾರು ಬೀಳುವ ಥಾಟು ಕಾಳಿ ಮೂರಕ್ಕೆ ಬಿಲಾವಲ, ಕಾಳಿ ಒಂದಕ್ಕೆ ಖಮಾಜ, ಕಾಳಿ ನಾಲ್ಕಕ್ಕೆ ಕಾಫಿ, ಕಾಳಿ ಎರಡಕ್ಕೆ ಆಸಾವರಿ, ಕಾಳಿ ಐದಕ್ಕೆ ಭೈರವಿ. ಬಿಲಾವಲದಿಂದ ಭೈರವಿಯವರೆಗೆ ಒಂದೊಂದೇ ಕೋಮಲ ಸೇರುತ್ತ ಹೋಗುವ ಕ್ರಮ, ನಿ, ಗ, ಧ, ರೇ, ನಮಗೆಲ್ಲ ಗೊತ್ತಿರುವುದೇ. ಕೀಗಳ ಕ್ರಮವನ್ನು ನೋಡಿ: ಕಾಳಿ ಮೂರು, ಒಂದು, ನಾಲ್ಕು, ಎರಡು, ಐದು, ಅಂದರೆ ಎಫ್, ಸಿ, ಜಿ, ಡಿ, ಎ ಶಾರ್ಪ್. ಪಾಶ್ಚಾತ್ಯ ಸಂಗೀತದಲ್ಲಿ ಶಾರ್ಪುಗಳು ಸೇರುವ ಕ್ರಮವೂ ಅದೇ. ಒಂದೊಂದು ಪಂಚಮ ಮೇಲೇರಿದಂತೆ ಒಂದೊಂದು ಕೋಮಲ ಹೆಚ್ಚಿದಾಗ ತಕ್ಕಡಿ ಸಮವಾಗುತ್ತದೆ. ಆ ರಾತ್ರಿ ಈ ಪುಟವನ್ನು ಎಷ್ಟು ಸಂತೋಷದಿಂದ ಬರೆದೆನೆಂದರೆ, ವಹಿಯ ಮೊದಲ ಹಾಳೆಯಾಗಿ ಅದನ್ನೇ ಅಂಟಿಸಿದ್ದೇನೆ.

ಜುಲೈ ಕೊನೆ

ಕಾರ್ಡುಗಳ ಕೆಲಸ. ಥಾಟಿನ ಸಾಲು ಸರಿಯಾಗಿದ್ದರೆ ಕಾರ್ಡಿನ ಹೆಸರು ತಾನಾಗಿ ಬರುತ್ತದೆ, ಒಂದು ಅಕ್ಷರ ಬಿಟ್ಟು ಒಂದನ್ನು ಹಿಡಿದರಾಯಿತು. ಕಾಳಿ ಒಂದರ ಭೈರವದಲ್ಲಿ ಸಾ ಕಾರ್ಡ್ ಸಿ ಶಾರ್ಪ್, ಇ ಶಾರ್ಪ್, ಜಿ ಶಾರ್ಪ್. ‘ಇ ಶಾರ್ಪ್ ಎಂದರೆ ಎಫ್ ತಾನೇ, ಎಫ್ ಎಂದೇ ಬರೆಯಬಾರದೇ?’ ಎಂದು ಹುಡುಗ ಕೇಳಿದ. ಅದು ಗಾಂಧಾರ ಮಾರಾಯಾ, ಎಫ್ ಅಕ್ಷರ ಮಧ್ಯಮಕ್ಕೆ ಬೇಕು, ಎಫ್ ಶಾರ್ಪ್ ಅದೇ ಸಾಲಿನಲ್ಲಿ ಮುಂದೆ ನಿಂತಿದೆ ಎಂದೆ. ಎರಡು ಎಫ್ ಬಂದರೆ ಹಾಡಿನ ನಡುವೆ ಕಣ್ಣು ತಡವರಿಸುತ್ತದೆ. ಅವನು ಒಪ್ಪಿದ.

ಖಮಾಜದ ಸಮಬಲವನ್ನು ಹೇಗೆ ಬಿಡಿಸುವುದು? ಡಿ ಫ್ಲ್ಯಾಟ್ ಹಿಡಿದರೆ ಕೋಮಲ ನಿಷಾದದ ಕಾರ್ಡ್ ಸಿ ಫ್ಲ್ಯಾಟ್ ಆಗುತ್ತದೆ, ಸಿ ಶಾರ್ಪ್ ಹಿಡಿದರೆ ಸರಳವಾಗಿ ಬಿ. ಆದರೆ ಖಮಾಜದ ಆರೋಹದಲ್ಲಿ ಶುದ್ಧ ನಿಷಾದವೂ ಬರುತ್ತದೆ, ಅದನ್ನು ಸಿ ಶಾರ್ಪಿನಲ್ಲಿ ಬಿ ಶಾರ್ಪ್ ಎನ್ನಬೇಕು, ಡಿ ಫ್ಲ್ಯಾಟಿನಲ್ಲಿ ಬರೀ ಸಿ. ನನ್ನ ಒಲವು ಡಿ ಫ್ಲ್ಯಾಟಿನ ಕಡೆಗೆ. ಎಲ್ಲಕ್ಕಿಂತ ಹೆಚ್ಚು ಸಲ ಬರುವುದು ಸಾ ಕಾರ್ಡ್. ಡಿ ಫ್ಲ್ಯಾಟ್, ಎಫ್, ಎ ಫ್ಲ್ಯಾಟ್ ಓದಲು ಹಗುರ. ಖಮಾಜದ ವಚನದ ಹಿಂದೆಯೇ ಬಿಲಾವಲದ ಪದ ಬಂದರೆ ಸಾ ಹೆಸರು ಬದಲಾಗುವುದೂ ಇಲ್ಲ. ಗಿಟಾರಿನವನು ಮೊದಲ ಮನೆಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿಹಿಡಿದು ಪಟ್ಟಿ ಏರಿಸುವ ಹಿಡಿಕೆ) ಹಾಕಿ ಸಿ, ಎಫ್, ಬಿ ಫ್ಲ್ಯಾಟ್ ಆಕಾರಗಳನ್ನು ನುಡಿಸುತ್ತಾನೆ. ಅವನ ಹಾಳೆಯಲ್ಲಿಯೂ ಅದು ಬಿ ಫ್ಲ್ಯಾಟೇ, ಎ ಶಾರ್ಪ್ ಅಲ್ಲ, ಏಕೆಂದರೆ ನಿಷಾದಕ್ಕೆ ಬಿ ಅಕ್ಷರ ಬೇಕು.

ಆಗಸ್ಟ್

ಏಳಕ್ಷರದ ನಿಯಮಕ್ಕೆ ಸುಲಭವಾಗಿ ಒಗ್ಗದ ರಾಗಗಳನ್ನು ಬೇರೆ ಪುಟದಲ್ಲಿ ಇಟ್ಟೆ. ಕರ್ನಾಟಕ ಸಂಗೀತದವರು 12 ಸ್ಥಾನಗಳಿಗೆ 16 ಹೆಸರುಗಳನ್ನು ಇಟ್ಟುಕೊಂಡಿರುವುದರ ಬೆಲೆ ಇಲ್ಲಿ ತಿಳಿಯುತ್ತದೆ. ನಾಟ ರಾಗದಲ್ಲಿ ಅಂತರ ಗಾಂಧಾರವಿದೆ (ನಮ್ಮ ಶುದ್ಧ ಗಾಂಧಾರ), ಅದರ ಕೆಳಗಿನ ಕೀ ಕೂಡ ಇದೆ. ಗಾಂಧಾರದ ಹೆಸರು ಆಗಲೇ ಖರ್ಚಾದ್ದರಿಂದ ಕೆಳಗಿನದನ್ನು ಷಟ್ಶ್ರುತಿ ರಿಷಭ ಎನ್ನುತ್ತಾರೆ. ಸಾ ಸಿ ಆದಾಗ ಅದು ಡಿ ಶಾರ್ಪ್. ನಮ್ಮ ಜೋಗ್ ರಾಗದಲ್ಲಿ ರಿಷಭವೇ ಇಲ್ಲ, ಅದೇ ಕೀಯನ್ನು ಇಳಿಯುವಾಗ ಕೋಮಲ ಗಾಂಧಾರವಾಗಿ ಹಾಡುತ್ತೇವೆ. ಆದ್ದರಿಂದ ಇಲ್ಲಿ ಇ ಫ್ಲ್ಯಾಟ್. ಒಂದೇ ಕೀ, ಎರಡು ರಾಗ, ಎರಡು ಹೆಸರು, ಎರಡೂ ಸರಿ.

ಲಲಿತದಲ್ಲಿ ಶುದ್ಧ ಮಧ್ಯಮ, ತೀವ್ರ ಮಧ್ಯಮ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ, ಪಂಚಮವಿಲ್ಲ. ಲೆಕ್ಕ ಹೊಂದಿಸಲೆಂದು ತೀವ್ರ ಮಧ್ಯಮವನ್ನು ಜಿ ಫ್ಲ್ಯಾಟ್ ಎನ್ನಬಹುದಿತ್ತು. ಹಾಗೆ ಬರೆಯಲಿಲ್ಲ. ಹಾಡುವವರ ಬಾಯಲ್ಲಿ ಅದು ಮಧ್ಯಮ, ಕೋಮಲ ಪಂಚಮವೆಂಬುದು ನಮ್ಮಲ್ಲಿ ಇಲ್ಲ. ಎಫ್, ಎಫ್ ಶಾರ್ಪ್ ಎಂದೇ ಇಟ್ಟಿದ್ದೇನೆ. ಹಾಡುವವರ ಸ್ವರನಾಮಕ್ಕೂ ಅಕ್ಷರದ ಲೆಕ್ಕಕ್ಕೂ ಜಗಳ ಬಂದಲ್ಲಿ ಈ ವಹಿ ಹಾಡುವವರ ಪಕ್ಷ.

ಗಣೇಶ ಚೌತಿಗೆ ಮುನ್ನ

ಕ್ಲಾರಿನೆಟ್ ಹಾಳೆಗಳು ಬೇರೆಯಾಗಿಯೇ ಬೇಕೆಂದು ತೀರ್ಮಾನವಾಯಿತು. ಅಣ್ಣನ ವಾದ್ಯ ಬಿ ಫ್ಲ್ಯಾಟಿನದು, ಅದರಲ್ಲಿ ಸಿ ಎಂದು ಬರೆದದ್ದು ಬಿ ಫ್ಲ್ಯಾಟ್ ಆಗಿ ಕೇಳುತ್ತದೆ. ಕೇಳಬೇಕಾದ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಮೇಲೆ ಬರೆಯಬೇಕು. ಬಿಲಾವಲದ ಕಾಳಿ ಒಂದನ್ನು ಡಿ ಫ್ಲ್ಯಾಟ್ ಎಂದಾಗ ಅವರಿಗೆ ಇ ಫ್ಲ್ಯಾಟ್, 3 ಫ್ಲ್ಯಾಟ್ ಮಾತ್ರ. ಸಿ ಶಾರ್ಪಿನಿಂದಲೇ ಏರಿಸಿದ್ದರೆ ಡಿ ಶಾರ್ಪ್ ಆಗಿ 9 ಶಾರ್ಪುಗಳನ್ನು ಅವರ ಮುಂದೆ ಇಡಬೇಕಾಗುತ್ತಿತ್ತು. ಕಾಫಿಯಲ್ಲಿ ಕೀಬೋರ್ಡಿನ ಹಾಳೆ ಸಿ ಶಾರ್ಪ್ ಎಂದರೆ ಅವರ ಹಾಳೆ ಇ ಫ್ಲ್ಯಾಟ್ ಎನ್ನುತ್ತದೆ: 7 ಶಾರ್ಪಿನ ಬದಲು 5 ಫ್ಲ್ಯಾಟ್. ತಾಲೀಮಿನಲ್ಲಿ ಗೊಂದಲವಾಗದಿರಲೆಂದು ಬಾಯಲ್ಲಿ ಸಾ, ಮ, ಪ ಎಂದೇ ಕರೆಯಬೇಕೆಂದು ಕಾಕಾ ಸೂಚಿಸಿದರು. ಎಲ್ಲ ಹಾಳೆಗಳ ಎಡ ಅಂಚಿನಲ್ಲಿ ಈಗ ಸ್ವರನಾಮದ ಕಾಲಂ ಇದೆ.

ಅಕ್ಕಂದಿರು ಕಾಳಿ ಐದರಲ್ಲಿ ಹಾಡುವ ಪದಗಳು ಬಹುಪಾಲು ಮುಗಿದಿವೆ. ಬಿ ಫ್ಲ್ಯಾಟ್ ಅಲ್ಲಿ ಎಲ್ಲ ಥಾಟಿಗೂ ಒಗ್ಗುತ್ತದೆ, ಭೈರವಿಯಲ್ಲಿ ಮಾತ್ರ 6 ಮತ್ತು 6. ಕೊನೆಯ ಹಾಡು ಭೈರವಿಯದೇ ಆದ್ದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಿ ಫ್ಲ್ಯಾಟನ್ನೇ ಉಳಿಸಿಕೊಂಡೆ. ಕ್ಲಾರಿನೆಟ್ ಅಣ್ಣನಿಗೆ ಸಾ ನೇರವಾಗಿ ಸಿ ಮೇಲೆ ಬೀಳುತ್ತದೆ, 4 ಫ್ಲ್ಯಾಟಿನಲ್ಲಿ ಮುಗಿಯುತ್ತದೆ. ಇನ್ನು ಉಳಿದಿರುವುದು ಕಾಳಿ ಎರಡರ ಆಸಾವರಿ ಪದಗಳು, ಮತ್ತು ತೋಡಿಯಲ್ಲಿರುವ ಒಂದು ವಚನ. ಅದರ ಪಟ್ಟಿಯನ್ನು ಕಾಕಾ ಇನ್ನೂ ಹೇಳಿಲ್ಲ.