ಅಕ್ಕನಿಗೆ ಬರೆದ ಕಾಗದ ಕಡತದಲ್ಲೇ ಉಳಿಯಿತು

ಊರಿನಿಂದ ಬಂದ ನೆಂಟರನ್ನು ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್ ತೋರಿಸಲು ಕರೆದೊಯ್ದರೆ, ಶಾಕೋ ಬಾಟಮ್ ಎಂಬ ಬಡಾವಣೆಗೆ ಬಂದಾಗ ಎಲ್ಲರೂ ಕೇಳುವುದು ಒಂದೇ: ಇಲ್ಲಿ ನೋಡುವುದಕ್ಕೆ ಏನಿದೆ? ಕೇಳುವುದರಲ್ಲಿ ತಪ್ಪಿಲ್ಲ. ಕಣ್ಣಿಗೆ ಬೀಳುವುದು ಹಳೆಯ ರೈಲು ನಿಲ್ದಾಣ, ಹೋಟೆಲುಗಳು, ಕಾರು ನಿಲ್ಲಿಸುವ ಬಯಲು, ಪಕ್ಕದಲ್ಲೇ ಅಬ್ಬರಿಸುವ ಹೆದ್ದಾರಿ. ಗುಲಾಮಗಿರಿಯನ್ನು ಕೊನೆಗೊಳಿಸಿದ ಅಂತರ್ಯುದ್ಧಕ್ಕೆ (1861–65) ಮೊದಲು, ನ್ಯೂ ಆರ್ಲಿಯನ್ಸ್ ಒಂದನ್ನು ಬಿಟ್ಟರೆ, ಅಮೆರಿಕದಲ್ಲಿ ಗುಲಾಮರ ಅತಿ ದೊಡ್ಡ ಮಾರುಕಟ್ಟೆ ಇದೇ ಆಗಿತ್ತು. 1808ರಲ್ಲಿ ಹೊರಗಿನಿಂದ ಗುಲಾಮರನ್ನು ತರುವುದಕ್ಕೆ ನಿಷೇಧ ಬಿತ್ತು. ಆದರೆ ದಕ್ಷಿಣದ ಹತ್ತಿ ತೋಟಗಳಿಗೆ ಆಳುಗಳು ಬೇಕೇ ಬೇಕಿತ್ತು. ತಂಬಾಕು ಬೆಳೆದು ಬೆಳೆದು ಸಾರ ಕಳೆದುಕೊಂಡ ನೆಲದಲ್ಲಿ ಕುಳಿತಿದ್ದ ವರ್ಜೀನಿಯಾದ ಧಣಿಗಳು ಮನುಷ್ಯರನ್ನೇ ಮಾರಿ ಗಳಿಸಿದರು. ಅಂತರ್ಯುದ್ಧದ ಹೊತ್ತಿಗೆ, ಮಾರಾಟವಾಗಿಯೋ ಧಣಿಗಳ ಹಿಂದೆ ನಡೆದೋ, ಸುಮಾರು ಹತ್ತು ಲಕ್ಷ ಜನ ಹೀಗೆ ವರ್ಜೀನಿಯಾದಂಥ ಸೀಮೆಗಳಿಂದ ಇನ್ನೂ ದಕ್ಷಿಣದ ಹತ್ತಿ ಸೀಮೆಗೆ ಹೋದರು. ಕೊಳ್ಳುವವನಿಗೆ ತಾಯಿ ಬೇಕು, ಮಗು ಬೇಡ ಎಂದರೆ ಮಗು ಉಳಿಯುತ್ತಿತ್ತು.

ಇಷ್ಟು ಹೇಳಿದರೆ ನೆಂಟರು ತಲೆಯಾಡಿಸುತ್ತಾರೆ. ಹತ್ತು ಲಕ್ಷ ಎಂಬ ಸಂಖ್ಯೆಗೆ ಮುಖವಿಲ್ಲವಲ್ಲ. ಆಗ ನಾನು ಗುಲಾಮಗಿರಿಯಿಂದ ಬಿಡುಗಡೆಯಾದ ಹಾಕಿನ್ಸ್ ವಿಲ್ಸನ್ ಎಂಬವನ ವಿಷಯ ತೆಗೆಯುತ್ತೇನೆ.

1867ರ ಮೇ ತಿಂಗಳು. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಇವನು ರಿಚ್ಮಂಡಿಗೆ ಕಾಗದ ಬರೆಯುತ್ತಾನೆ. ವಿಳಾಸ ಫ್ರೀಡ್‌ಮೆನ್ಸ್ ಬ್ಯೂರೋದ್ದು. ಬಿಡುಗಡೆಯಾದವರ ಕೂಲಿ ಕರಾರು, ಶಾಲೆ, ಮದುವೆ ನೋಂದಣಿಗಳನ್ನೆಲ್ಲ ನೋಡಿಕೊಳ್ಳಲು 1865ರಲ್ಲಿ ಸರ್ಕಾರ ತೆರೆದಿದ್ದ ಇಲಾಖೆ ಅದು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ವರ್ಜೀನಿಯಾ ಬಿಟ್ಟ ಮೇಲೆ ಅಕ್ಕತಂಗಿಯರ ಸುದ್ದಿಯೇ ತಿಳಿದಿಲ್ಲ, ಹುಡುಕಿಕೊಡಿ ಎಂಬುದು ಅವನ ಬೇಡಿಕೆ. ಜೇನ್ ಎಂಬ ಅಕ್ಕನ ಗುರುತಿಗೆ ಅವನು ಕೊಡುವ ವಿವರ ಇದು: ಅವಳು ಕ್ಯಾರೊಲೈನ್ ಕೌಂಟಿಯ ಪೀಟರ್ ಕೋಲ್ಮನ್ ಎಂಬವನಿಗೆ ಸೇರಿದವಳಾಗಿದ್ದಳು.

ನಾವು ಕನ್ನಡಿಗರು ಪರದೇಶದಲ್ಲಿ ಎದುರಾದರೆ ಮೊದಲು ಕೇಳುವುದು, ಯಾವ ಊರು, ಯಾರ ಪೈಕಿ? ಎರಡು ನಿಮಿಷದಲ್ಲಿ ಯಾರದೋ ಭಾವನ ಷಡ್ಡಕನವರೆಗೆ ಹೋಗಿ ಮುಟ್ಟುತ್ತೇವೆ. ಹಾಕಿನ್ಸನಿಗೆ ಆ ಪ್ರಶ್ನೆಗೆ ಇದ್ದ ಉತ್ತರ ಒಡೆಯನ ಹೆಸರು. ಸ್ವಂತ ಅಕ್ಕನ ಮನೆಗೆ ಹೋಗುವ ದಾರಿಯೂ ಅವಳನ್ನು ಆಸ್ತಿಯೆಂದು ಬರೆಸಿಕೊಂಡವನ ಹೊಸ್ತಿಲಿನ ಮೂಲಕವೇ ಹಾದುಹೋಗಬೇಕಿತ್ತು.

ಅದೇ ಲಕೋಟೆಯಲ್ಲಿ ಅಕ್ಕನಿಗೆಂದೇ ಬರೆದ ಇನ್ನೊಂದು ಕಾಗದವಿತ್ತು. ನಿನ್ನ ಪುಟ್ಟ ತಮ್ಮ ಹಾಕಿನ್ಸ್ ನೀನೆಲ್ಲಿದ್ದೀಯೆ, ಅಮ್ಮ ಎಲ್ಲಿದ್ದಾಳೆ ಎಂದು ಹುಡುಕುತ್ತಿದ್ದಾನೆ ಎಂದು ಅದರಲ್ಲಿ ಬರೆದಿದ್ದಾನೆ. ತಾನೀಗ ದೊಡ್ಡವನು, ಓದು ಬರಹ ಬಲ್ಲವನು, ಚರ್ಚಿನ ಕಟ್ಟಡವನ್ನು ನೋಡಿಕೊಳ್ಳುವ ಕೆಲಸದಲ್ಲಿರುವವನು ಎಂದು ಹೇಳಿಕೊಳ್ಳುತ್ತಾನೆ. ಮಾರ್ಚ್ ತಿಂಗಳಲ್ಲಷ್ಟೇ ಮದುವೆಯಾಗಿತ್ತು. ಟೆಕ್ಸಾಸಿನ ಹುಡುಗಿಯನ್ನು ಮದುವೆಯಾಗುವಷ್ಟು ಮೂರ್ಖ ನಾನಲ್ಲ ಎಂದು ನಿನಗೇ ಗೊತ್ತಾಗಿರುತ್ತದೆ, ಹೆಂಡತಿ ಜಾರ್ಜಿಯಾದವಳು ಎಂದು ತಮಾಷೆ ಮಾಡುತ್ತಾನೆ. ಇಪ್ಪತ್ತನಾಲ್ಕು ವರ್ಷ ಕಾಣದ ಅಕ್ಕನೊಡನೆ ನಿನ್ನೆಯಷ್ಟೇ ಜಗಲಿಯಲ್ಲಿ ಕುಳಿತು ಮಾತಾಡಿದವನ ಸಲುಗೆ! ತೊಟ್ಟಿಲಲ್ಲಿ ಬಿಟ್ಟು ಬಂದ ಅಕ್ಕನ ಮಗಳು ಜೂಲಿಯಾಳ ಕೂದಲನ್ನು ಒಂದಿಷ್ಟು ಕಳುಹಿಸು ಎನ್ನುತ್ತಾನೆ. ತೊಟ್ಟಿಲ ಕೂಸಿಗೆ ಈಗ ಇಪ್ಪತ್ತನಾಲ್ಕು ದಾಟಿರಬೇಕು.

ಅಕ್ಕನಿಗೆ ಬರೆದ ಆ ಹಾಳೆ ಬ್ಯೂರೋದ ಕಡತದಲ್ಲೇ ಉಳಿದು, ರಾಷ್ಟ್ರೀಯ ದಾಖಲೆಗಳ ಸಂಗ್ರಹ ಸೇರಿದೆ. ಅಕ್ಕನ ಕೈ ಸೇರಿದ್ದರೆ ಅದು ಕಚೇರಿಯ ಕಡತದಲ್ಲಿ ಉಳಿಯುತ್ತಿರಲಿಲ್ಲ.

ಕೂದಲನ್ನು ಬೇಡಿದವನು ಅವನೊಬ್ಬನೇ ಅಲ್ಲ. ಲಾರಾ ಸ್ಪೈಸರ್ ಎಂಬವಳೂ ಅವಳ ಗಂಡನೂ ಮಾರಾಟದಲ್ಲಿ ಬೇರ್ಪಟ್ಟಿದ್ದರು. ಅವಳು ಸತ್ತಳೆಂದು ನಂಬಿ ಅವನು ಇನ್ನೊಂದು ಮದುವೆಯಾದ. ಬಿಡುಗಡೆಯ ನಂತರ ಅವಳು ಬದುಕಿರುವುದು ತಿಳಿಯಿತು. ಅವನು ಹಿಂದಿರುಗಲಾರ, ಮರೆಯಲಾರ. ಮಕ್ಕಳ ಕೂದಲನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಮೇಲೆ ಒಬ್ಬೊಬ್ಬರ ಹೆಸರು ಬರೆದು ಕಳುಹಿಸು, ನೀನೂ ಯಾರಾದರೂ ಒಳ್ಳೆಯವನನ್ನು ಮದುವೆಯಾಗು ಎಂದು ಬರೆದ. ಬಿಡುಗಡೆ ಎಂದರೆ ಅಪ್ಪಿಕೊಂಡು ಅಳುವ ಪುನರ್ಮಿಲನ ಎಂಬ ಸಿನಿಮಾ ಚಿತ್ರವನ್ನು ಈ ಕಾಗದದ ಮುಂದಿಟ್ಟು ನೋಡಬೇಕು.

ಬರೆಯಲು ಬಾರದವರು ಚರ್ಚುಗಳನ್ನು ನಂಬಿಕೊಂಡರು. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆಯಲ್ಲಿ 1879ರಿಂದ ಕಳೆದುಹೋದ ಬಂಧುಗಳಿಗೆಂದೇ ಒಂದು ಅಂಕಣವಿತ್ತು. ಚಂದಾದಾರರಿಗೆ ಉಚಿತ, ಉಳಿದವರಿಗೆ ಐವತ್ತು ಸೆಂಟ್. ಪ್ರಕಟಣೆಗಳನ್ನು ಪ್ರಾರ್ಥನೆಯ ವೇಳೆ ಗಟ್ಟಿಯಾಗಿ ಓದಿ ಹೇಳಿ ಎಂದು ಪತ್ರಿಕೆ ಪಾದ್ರಿಗಳನ್ನು ಕೇಳಿಕೊಳ್ಳುತ್ತಿತ್ತು. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೂ ಜನ ಅಲ್ಲಿ ತಾಯಿಯನ್ನು ಹುಡುಕುತ್ತಿದ್ದರು.

ಹಣವಿಲ್ಲದವರು ನಡೆದೇ ಹೊರಟರು. ವರ್ಜೀನಿಯಾದ ಶಾಸನಸಭೆ 1866ರ ಜನವರಿಯಲ್ಲಿ ಅಲೆಮಾರಿಗಳ ವಿರುದ್ಧ ಒಂದು ಕಾಯಿದೆ ಮಾಡಿತು. ಕೆಲಸವಿಲ್ಲದೆ ತಿರುಗುವವರನ್ನು ಹಿಡಿದು ಮೂರು ತಿಂಗಳವರೆಗೆ ಬಾಡಿಗೆ ಆಳಾಗಿ ಕೊಡಬಹುದು. ಹೆಂಡತಿಯನ್ನು ಹುಡುಕಿಕೊಂಡು ದಾರಿಯಲ್ಲಿ ಹೊರಟವನು ಕಾನೂನಿನ ಕಣ್ಣಿಗೆ ಸೋಮಾರಿ ಅಲೆಮಾರಿ. ಇದು ಹೆಸರು ಬದಲಿಸಿದ ಗುಲಾಮಗಿರಿ ಎಂದು ಅಲ್ಲಿನ ಸೇನಾಧಿಕಾರಿ ಜನರಲ್ ಆಲ್ಫ್ರೆಡ್ ಟೆರಿ ಅದೇ ತಿಂಗಳು ಆ ಕಾಯಿದೆಗೆ ತಡೆ ಹಾಕಿದ. ತಡೆಯಾದದ್ದು ಒಳ್ಳೆಯದೇ. ಆದರೆ ಮಾರಿದವರಿಗೆ ದಂಡವಿಲ್ಲ, ಹುಡುಕಿದವರಿಗೆ ಬೇಡಿ ಎಂಬ ಯೋಚನೆ ಹುಟ್ಟಿದ ಸಭೆ ಇದೇ ಊರಿನದು ಎಂಬುದು ನನ್ನ ತಲೆಯಿಂದ ಹೋಗುವುದಿಲ್ಲ.

ಹಾಗೆಂದು ನಾವು ಎದೆ ತಟ್ಟಿಕೊಳ್ಳುವಂತೆಯೂ ಇಲ್ಲ. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಅವರು ಆಫ್ರಿಕಾದಲ್ಲಿ ಯಾರ ಪೈಕಿ ಎಂದು ನಮ್ಮ ಶಾಲೆಯಲ್ಲಿ ಯಾರೂ ಕೇಳಲಿಲ್ಲ, ಹೇಳಲೂ ಇಲ್ಲ.

ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ವಂಶ ಹುಡುಕುತ್ತಿದ್ದಾರೆ. 1870ರ ಜನಗಣತಿಯವರೆಗೆ ಸಲೀಸಾಗಿ ಹೋದರು. ಬಿಡುಗಡೆಯಾದವರ ಹೆಸರು ಬರೆದುಕೊಂಡ ಮೊದಲ ಗಣತಿ ಅದು. ಅದರ ಹಿಂದಿನ 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಹೆಸರೇ ಇಲ್ಲ. ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ. ಹಾಗಾಗಿ ಈಗ ಅವರು ಓದುತ್ತಿರುವುದು ಬಿಳಿಯರ ಉಯಿಲುಗಳನ್ನು. ಎತ್ತು, ಮಂಚ, ಗಡಿಯಾರಗಳ ಬೆಲೆಯ ನಡುವೆ ಎಲ್ಲಾದರೂ ಮುತ್ತಜ್ಜಿಯ ಹೆಸರು ಸಿಗಬಹುದೇ ಎಂದು. ಒಡೆಯನ ಮೊಮ್ಮಕ್ಕಳ ಹೆಸರೆಲ್ಲ ನನಗೆ ಬಾಯಿಪಾಠವಾಗಿದೆ ಎಂದು ಮೊನ್ನೆ ನಕ್ಕರು. ಮುಂದಿನ ವಾರ ಪಕ್ಕದ ಕೌಂಟಿಯ ನ್ಯಾಯಾಲಯದ ದಾಖಲೆ ಕೋಣೆಗೆ ಹೋಗಬೇಕಂತೆ. ಅವರಿಗೆ ಹೆದ್ದಾರಿಯಲ್ಲಿ ಕಾರು ಓಡಿಸಲು ಈಗ ಭಯ. ನಾನು ರಜೆ ಹಾಕಿದ್ದೇನೆ.