ಮಂಗಳೂರನ್ನು ಒಂದು ಹಂಚಿನಿಂದ ತೋರಿಸುವುದು

ಪಣಂಬೂರಿಗೆ ಕ್ರೂಸ್ ಹಡಗು ಬಂದಾಗ ಪ್ರವಾಸಿಗರಿಗೆ ಊರು ತೋರಿಸುವುದು ನನ್ನ ಕೆಲಸ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ವಾಪಸ್ ಹಡಗು ಹತ್ತಬೇಕು. ಮೇಲಿಂದ ಬಿಸಿಲು, ಮೈಯೆಲ್ಲ ಬೆವರು. ಅಂಥ ಹೊತ್ತಲ್ಲಿ ಆಳುಪರು, ಪೋರ್ಚುಗೀಸರು, ಕೆಳದಿಯವರು ಅಂತ ಸಾಲಾಗಿ ಒದರಿದರೆ ಯಾರ ತಲೆಗೂ ಹತ್ತುವುದಿಲ್ಲ. ಬಂದರು ಊರಿನ ಕಥೆಯನ್ನು ಸರಕಿನಿಂದ ಶುರು ಮಾಡಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಅದಕ್ಕೇ ಗಾಡಿಯಲ್ಲಿ ಹಳೆಯ ಹಂಚೊಂದನ್ನು ಇಟ್ಟುಕೊಂಡಿರುತ್ತೇನೆ. ಒಬ್ಬೊಬ್ಬರ ಕೈಗೂ ಕೊಡುತ್ತೇನೆ. ಭಾರ ಇದೆ, ಎರಡೂ ಕೈ ಬೇಕು. ಹಂಚು ಮಾಡಿದ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನ ಹೆಸರು, 1865 ಅನ್ನುವ ಇಸವಿ ಉಬ್ಬಿಕೊಂಡಿವೆ. ಅಕ್ಷರಗಳ ಸಂದಿಯಲ್ಲಿ ಒಣಗಿದ ಪಾಚಿಯ ಕಪ್ಪು. ಅಂಚಿನಲ್ಲಿ ಪಕ್ಕದ ಹಂಚು ಬಂದು ಕೂರುವ ತೋಡು. ಎಂಥ ಮಳೆಗೂ ನೀರು ಒಳಗೆ ಇಳಿಯದಿರುವುದು ಅದರಿಂದಲೇ. (1865 ಕಾರ್ಖಾನೆ ಶುರುವಾದ ವರ್ಷ, ಈ ಹಂಚು ಸುಟ್ಟ ವರ್ಷವಲ್ಲ. ತುಂಬಾ ಜನ ಇಲ್ಲಿ ಏಮಾರುತ್ತಾರೆ.)

ಮಣ್ಣು ನದಿ ದಡದ್ದು, ಕಾರ್ಖಾನೆ ನೇತ್ರಾವತಿ ಪಕ್ಕದ ಜೆಪ್ಪುವಿನಲ್ಲಿ. ಸುಟ್ಟ ಹಂಚು ಹಡಗು ಹತ್ತಿ ಪೂರ್ವ ಆಫ್ರಿಕಾದವರೆಗೂ ಹೋಯಿತು. ಹಡಗು ಹತ್ತುವುದು ಅಷ್ಟು ಸುಲಭ ಇರಲಿಲ್ಲ ಅನ್ನಿ. ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಅಳಿವೆಯಲ್ಲಿ ಮರಳು ತುಂಬುತ್ತದೆ. ದೊಡ್ಡ ಹಡಗು ಒಳಗೆ ಬರಲಾಗದೆ ಕಡಲಲ್ಲೇ ಲಂಗರು ಹಾಕುತ್ತಿತ್ತು, ಸರಕು ದೋಣಿಯಲ್ಲಿ ಹೋಗುತ್ತಿತ್ತು. ಅದಕ್ಕೇ ಪಣಂಬೂರಿನಲ್ಲಿ ನೆಲ ತೋಡಿ ಹೊಸ ಬಂದರು ಮಾಡಿದರು. 1974ರಲ್ಲಿ ಅದು ಪ್ರಮುಖ ಬಂದರಾಯಿತು. ‘ನೀವು ಬೆಳಿಗ್ಗೆ ಇಳಿದ ಜಾಗ ಮೊದಲು ಒಣ ನೆಲ’ ಅಂದಾಗ ಎಲ್ಲರ ಕಿವಿ ನೆಟ್ಟಗಾಗುತ್ತದೆ.

ಹಳೆ ಬಂದರಿಗೆ ಬಂದ ಮೇಲೆ ನಾನು ಜಾಸ್ತಿ ಮಾತಾಡುವುದಿಲ್ಲ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ, ಅಂದರೆ ಮರದ ಸರಕು ಹಡಗಿಗೆ, ಸಿಮೆಂಟು, ತರಕಾರಿ ತುಂಬುತ್ತಿರುತ್ತಾರೆ. ತುಳು, ಬ್ಯಾರಿ, ಕೊಂಕಣಿ ಎಲ್ಲ ಒಟ್ಟಿಗೇ ಕೇಳುತ್ತದೆ. ಸುಮ್ನೆ ನಿಂತು ನೋಡಲಿ ಅಂತ ಬಿಡುತ್ತೇನೆ. ಮೂಟೆ ಹೊತ್ತವರಿಗೆ ದಾರಿ ಬಿಡಬೇಕು ಅಂತ ಮಾತ್ರ ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ‘ನಿಮ್ಮ ಜನರನ್ನು ಸ್ವಲ್ಪ ಬದಿಗೆ ನಿಲ್ಲಿಸಿ ಮಾರಾಯ್ರೆ’ ಅಂತ ಬೈಸಿಕೊಳ್ಳುವುದು ನಾನು.

ಸುಲ್ತಾನ್ ಬತ್ತೇರಿ ಕೊನೆಗೆ. ಯುದ್ಧದ ಹಡಗುಗಳು ನದಿಯೊಳಗೆ ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಸರಕು, ನದಿ, ಅಳಿವೆ ಎಲ್ಲ ತಿಳಿದು ಬಂದವರಿಗೆ ಅದು ಅಲ್ಲೇ ಯಾಕಿದೆ ಅಂತ ವಿವರಿಸಬೇಕಾಗಿಲ್ಲ, ಅಲ್ವಾ? ಮೆಟ್ಟಿಲು ಇಳಿಯುವಷ್ಟರಲ್ಲಿ ಅರ್ಧ ಜನ ಐಸ್‌ಕ್ರೀಮ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಿರುತ್ತಾರೆ.