ಗಾಳಿಯಿಲ್ಲದ ಕೋಣೆಯಲ್ಲಿ ಅಲುಗಿದ ಎಲೆ

ಮನೆಯೊಳಗೆ ಗಿಡ ಬೆಳೆಸುವ ಹಲವರು ಒಮ್ಮೆಯಾದರೂ ಇದನ್ನು ನೋಡಿರುತ್ತಾರೆ: ಉಳಿದೆಲ್ಲ ಎಲೆಗಳೂ ನಿಶ್ಚಲವಾಗಿರುವಾಗ ಒಂದೇ ಒಂದು ಎಲೆ ತನ್ನ ಪಾಡಿಗೆ ತಾನು ತೂಗಾಡುತ್ತಿರುತ್ತದೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಕಳೆದ ಆಷಾಢದಲ್ಲಿ, ಎರಚಲಿಗೆ ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನಿನ ಅಗತ್ಯವೂ ಇಲ್ಲದೆ ಕುಳಿತಿದ್ದ ಒಂದು ಸಂಜೆ. ಊಟದ ಕೋಣೆಯ ಮೂಲೆಯಲ್ಲಿ ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕ್ಯಾಲೇಡಿಯಂ ಕುಂಡವಿತ್ತು. ಅದರ ಹಿಂಬದಿಯ ಎಲೆಯೊಂದು, ಬೇಡ ಬೇಡ ಎಂದು ತಲೆಯಾಡಿಸುವವರಂತೆ, ಎಡಕ್ಕೂ ಬಲಕ್ಕೂ ಒಂದೇ ಲಯದಲ್ಲಿ ಆಡುತ್ತಿತ್ತು. ಅದನ್ನು ಮೊದಲು ನೋಡಿದವರು ತೀರ್ಥಹಳ್ಳಿಯಿಂದ ಬಂದು ನಮ್ಮಲ್ಲಿ ಉಳಿದಿದ್ದ ನನ್ನ ಸೋದರತ್ತೆ. “ನೋಡೇ ಮಾರಾಯ್ತಿ, ಅದು ಏನೋ ಹೇಳ್ತಾ ಇದೆ” ಎಂದರು. ಅವರ ಧ್ವನಿಯಲ್ಲಿ ಭಯವಿರಲಿಲ್ಲ; ಪರಿಚಯದವರನ್ನು ಕುರಿತು ಮಾತನಾಡುವ ಸಲಿಗೆಯಿತ್ತು.

ಅತ್ತೆಯ ಪಾಲಿಗೆ ಇದು ಅಷ್ಟೇನೂ ದೊಡ್ಡ ಅಚ್ಚರಿಯಲ್ಲ. ಸೂರ್ಯ ಮುಳುಗಿದ ಮೇಲೆ ಗಿಡ ಮಲಗಿರುತ್ತದೆ, ಹೂವಾಗಲಿ ಎಲೆಯಾಗಲಿ ಕೀಳಬಾರದು ಎಂಬ ಮಾತಿನಲ್ಲೇ ಬೆಳೆದವರು ಅವರು. ಕೆಸುವಿನ ಕುಟುಂಬಕ್ಕೇ ಸೇರಿದ ಈ ಗಿಡದ ಎಲೆಯ ತುದಿಯಲ್ಲಿ ಬೆಳಗಿನ ಹೊತ್ತು ನೀರಿನ ಹನಿ ನಿಂತಿರುವುದನ್ನು ಕಂಡು, ರಾತ್ರಿ ಅತ್ತಿದೆ ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ಆ ಹನಿಯ ಕಾರಣ ನನಗೆ ಗೊತ್ತಿತ್ತು: ಮಣ್ಣು ಚೆನ್ನಾಗಿ ತೊಯ್ದಿದ್ದು ಎಲೆಯಿಂದ ನೀರು ಆವಿಯಾಗದ ರಾತ್ರಿಗಳಲ್ಲಿ, ಬೇರಿನ ಒತ್ತಡವು ಎಲೆಯಂಚಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಹೊರದೂಡುತ್ತದೆ. ತೂಗಾಟದ ಕಾರಣ ಮಾತ್ರ ಗೊತ್ತಿರಲಿಲ್ಲ.

ಮರುದಿನ ಭಾನುವಾರವಾದ್ದರಿಂದ ಅದನ್ನು ಹುಡುಕಲು ಬಿಡುವು ಸಿಕ್ಕಿತು. ಬೆಳಗಿನಿಂದ ಗಮನಿಸಿದಾಗ ತಿಳಿದದ್ದು, ಎಲೆ ಸದಾ ಆಡುವುದಿಲ್ಲ ಎಂಬುದು. ಸ್ವಲ್ಪ ಹೊತ್ತು ಆಡಿ, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಆರಂಭಿಸುತ್ತಿತ್ತು. ತಾನು ಸಹಸ್ರನಾಮ ಹೇಳಲು ಅಲ್ಲಿ ಕುಳಿತಾಗ ಅದು ಆಡುತ್ತದೆ ಎಂಬುದು ಅತ್ತೆಯ ವಾದವಾಗಿತ್ತು, ಮತ್ತು ಆ ಬೆಳಿಗ್ಗೆ ಅದು ನಿಜವೂ ಆಗಿತ್ತು. ಮಧ್ಯಾಹ್ನ ಕರೆಂಟ್ ಹೋಯಿತು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತ ಸ್ವಲ್ಪ ಹೊತ್ತಿಗೆ ಎಲೆಯೂ ನಿಂತಿತು, ಅತ್ತೆ ಪಕ್ಕದಲ್ಲೇ ಕುಳಿತು ಎಷ್ಟು ಮಾತನಾಡಿಸಿದರೂ ಕರೆಂಟ್ ಬರುವವರೆಗೆ ಅಲುಗಲಿಲ್ಲ. ನಮ್ಮದು ಬೆನ್ನಿಗೆ ಕಪ್ಪು ಕೊಳವೆಗಳ ಜಾಲರಿಯಿರುವ ಹಳೆಯ ಫ್ರಿಜ್ಜು. ಕಂಪ್ರೆಸರ್ ಓಡುವಾಗ ಆ ಜಾಲರಿ ಬಿಸಿಯಾಗಿ, ಅದರ ಸುತ್ತಲಿನ ಗಾಳಿ ಗೋಡೆಗುಂಟ ಮೇಲೇರುತ್ತದೆ. ದೇವರ ಮನೆಯಿಂದ ಊದುಬತ್ತಿ ತಂದು ಹಿಡಿದಾಗ, ಕೋಣೆಯ ಬೇರೆಲ್ಲ ಕಡೆ ನಿಧಾನವಾಗಿ ಚದುರುತ್ತಿದ್ದ ಹೊಗೆ ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಸರ್ರನೆ ಮೇಲಕ್ಕೆ ಹೋಯಿತು. ಆ ಸಂದಿನ ಮೇಲೆ ಚಾಚಿಕೊಂಡಿದ್ದ ಎಲೆ ಅದೊಂದೇ. ಬೆಳಕು ಸಾಲದ ಮೂಲೆಯಲ್ಲಿ ಬೆಳೆದ ಕ್ಯಾಲೇಡಿಯಂನ ತೊಟ್ಟು ಉದ್ದವಾಗಿ, ಸಣಕಲಾಗಿರುತ್ತದೆ. ಅಗಲವಾದ ಎಲೆ ಆ ತೊಟ್ಟಿನ ತುದಿಯಲ್ಲಿ ನಿಂತಿರುವಾಗ ನಮ್ಮ ಚರ್ಮಕ್ಕೆ ತಿಳಿಯದಷ್ಟು ಗಾಳಿಯೂ ಅದನ್ನು ತೂಗಬಲ್ಲದು. ಅರಳಿ ಎಲೆ ಸದಾ ನಡುಗುವುದಕ್ಕೂ ಅದರ ಉದ್ದನೆಯ ತೆಳು ತೊಟ್ಟೇ ಕಾರಣ.

ಸಂಜೆ ಪಕ್ಕದ ಮನೆಯವರು ಬಂದಾಗ ವಿಷಯ ಇಲ್ಲಿಗೆ ಮುಗಿಯಲಿಲ್ಲ. ಗಿಡಗಳಿಗೆ ನಮ್ಮ ಮನಸ್ಸಿನ ಮಾತೂ ಕೇಳಿಸುತ್ತದೆ, ಅದನ್ನು ಅಮೆರಿಕದಲ್ಲಿ ಯಂತ್ರವಿಟ್ಟು ತೋರಿಸಿದ್ದಾರೆ ಎಂದು ಅವರು ಹೇಳಿದರು. ಅವರು ಹೇಳುತ್ತಿದ್ದುದು ಕ್ಲೀವ್ ಬ್ಯಾಕ್‌ಸ್ಟರ್ ಎಂಬವರ ವಿಚಾರ. ಸುಳ್ಳು ಪತ್ತೆ ಯಂತ್ರದ ಪರಿಣತರಾಗಿದ್ದ ಅವರು 1966ರಲ್ಲಿ ನ್ಯೂಯಾರ್ಕಿನ ತಮ್ಮ ಕಚೇರಿಯ ಡ್ರಸೀನಾ ಗಿಡಕ್ಕೆ ಆ ಯಂತ್ರವನ್ನು ಜೋಡಿಸಿ, ಎಲೆಯನ್ನು ಸುಡಬೇಕೆಂದು ಯೋಚಿಸಿದ ಕ್ಷಣವೇ ಕಾಗದದ ಮೇಲೆ ಗೆರೆ ಎಳೆಯುವ ಅದರ ಲೇಖನಿ ಜಿಗಿಯಿತು ಎಂದು ಸಾರಿದರು. ಪಕ್ಕದ ಕೋಣೆಯಲ್ಲಿ ಸಾಯುವ ಸಣ್ಣ ಸಿಗಡಿಗಳಿಗೂ ಗಿಡ ಮಿಡಿಯುತ್ತದೆ ಎಂದು ಆಮೇಲೆ ಬರೆದರು. ಇತರ ವಿಜ್ಞಾನಿಗಳು ಎಚ್ಚರಿಕೆಯಿಂದ ಅದೇ ಸಿಗಡಿ ಪ್ರಯೋಗವನ್ನು ಮಾಡಿದಾಗ ಅಂಥ ಮಿಡಿತವೇನೂ ಸಿಗಲಿಲ್ಲ. 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಸಹಸ್ರನಾಮಕ್ಕೆ ತೂಗುವ ನಮ್ಮ ಎಲೆಗೂ ಬ್ಯಾಕ್‌ಸ್ಟರ್‌ ಅವರ ಲೇಖನಿಗೂ ಇದ್ದ ದೋಷ ಒಂದೇ ಎಂದು ನನಗೆ ಅನಿಸಿತು: ಒಂದು ಸಲ ಕಾಕತಾಳೀಯವಾಗಿ ಕೂಡಿಬಂದದ್ದನ್ನು ನಂಬುವ ಮೊದಲು ಯಾರೂ ಫ್ರಿಜ್ಜು ನಿಲ್ಲಿಸಿ ನೋಡಿರಲಿಲ್ಲ.

ಆದರೆ ಗಿಡಗಳು ತಾವಾಗಿ ಅಲುಗುವುದೇ ಇಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಅದೇ ಕೋಣೆಯ ಇನ್ನೊಂದು ಬದಿಯಲ್ಲಿ ಮರಾಂಟಾ ಎಂಬ ಅಲಂಕಾರಿಕ ಗಿಡವಿತ್ತು. ಹಗಲು ಚಪ್ಪಟೆಯಾಗಿ ಹರಡಿಕೊಳ್ಳುವ ಅದರ ಎಲೆಗಳು ಕತ್ತಲಾಗುತ್ತಿದ್ದಂತೆ ಮೇಲಕ್ಕೆದ್ದು ಕೈಮುಗಿದ ಭಂಗಿಗೆ ಬರುತ್ತವೆ. ಎಷ್ಟು ನಿಧಾನವೆಂದರೆ ನೋಡುತ್ತ ಕುಳಿತವರಿಗೆ ಏನೂ ಕಾಣುವುದಿಲ್ಲ. ಎಲೆಯ ಬುಡದಲ್ಲಿ ಉಬ್ಬಿದ ಗಂಟೊಂದಿದೆ. ಅದರ ಒಂದು ಮಗ್ಗುಲಿನ ಜೀವಕೋಶಗಳೊಳಗೆ ಪೊಟ್ಯಾಸಿಯಂ ಸೇರಿದಾಗ ನೀರೂ ಹಿಂದೆಯೇ ಬಂದು ಅವು ಉಬ್ಬುತ್ತವೆ, ಇನ್ನೊಂದು ಮಗ್ಗುಲು ಕುಗ್ಗುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಮುಟ್ಟಿದರೆ ಮುನಿ ಮುದುಡುವುದೂ ಇದೇ ಬಗೆಯ ಗಂಟಿನಿಂದಲೇ, ಕ್ಷಣಾರ್ಧದಲ್ಲಿ. ಹುಣಸೆಯ ಎಲೆ ರಾತ್ರಿ ಮುಚ್ಚಿಕೊಳ್ಳುವುದನ್ನು ಅಲೆಕ್ಸಾಂಡರನ ನೌಕಾಪಡೆಯ ಆಂಡ್ರೊಸ್ಥೆನೀಸ್ ಇಂದಿನ ಬಹರೈನಿನಲ್ಲಿ ಕಂಡು ಬರೆದಿಟ್ಟಿದ್ದನಂತೆ. ಬೆಳಕು ಹೋದದ್ದರಿಂದ ಮುಚ್ಚಿತು ಎಂದರೂ ಸಾಲದು. 1729ರಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಡಿ ಮೆರಾನ್ ಇಂಥದೊಂದು ಗಿಡವನ್ನು ಕತ್ತಲಲ್ಲಿಟ್ಟಾಗಲೂ ಅದು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುತ್ತಲೇ ಇತ್ತು. ನಾನೂ ಆ ರಾತ್ರಿ ಮರಾಂಟಾವನ್ನು ಕಿಟಕಿಯಿಲ್ಲದ ಉಗ್ರಾಣಕ್ಕೆ ಒಯ್ದಿಟ್ಟೆ. ಬೆಳಗಾದ ಮೇಲೆ ಬಾಗಿಲು ತೆರೆದು ನೋಡಿದರೆ ಎಲೆಗಳು ಆಗಲೇ ಕೆಳಗಿಳಿದು ಹರಡಿಕೊಂಡಿದ್ದವು. ಬೆಳಗಾಯಿತೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅತ್ತೆಯ ‘ಗಿಡ ಮಲಗಿರುತ್ತದೆ’ ಎಂಬ ಮಾತಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಕಣ್ಣಿಗೆ ಕಾಣುವ ಚಲನೆಯನ್ನು ನಂಬದೆ ಕಾಣದ್ದನ್ನು ಅಳೆಯಲು ಹೊರಟವರು ಜಗದೀಶಚಂದ್ರ ಬೋಸ್. ಗಿಡದ ಬೆಳವಣಿಗೆಯನ್ನು ಹಲವು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ಅವರು ಕಲ್ಕತ್ತೆಯಲ್ಲೇ ಮಾಡಿಸಿದರು; ಮುಟ್ಟಿದರೆ ಮುನಿಯಲ್ಲಿ ಸುದ್ದಿ ಸಾಗುವುದು ವಿದ್ಯುತ್ ಮಿಡಿತವಾಗಿ ಎಂದು ತೋರಿಸಿದರು. ನಮ್ಮ ಕಾಡುಗಳಲ್ಲೂ ಬೆಳೆಯುವ, ಪಕ್ಕದ ಪುಟ್ಟ ಎಲೆಗಳನ್ನು ಕೆಲವೇ ನಿಮಿಷಗಳಿಗೊಮ್ಮೆ ಸುತ್ತಿಸುವ ಟೆಲಿಗ್ರಾಫ್ ಗಿಡವೂ ಅವರ ಪ್ರಯೋಗಗಳಲ್ಲಿತ್ತು. ಗಿಡದ ‘ಭಾವನೆ’ಯ ಕುರಿತು ಅವರ ಹೆಸರಿನಲ್ಲಿ ಇಂದು ಹರಿದಾಡುವ ಮಾತುಗಳಿಗಿಂತ ಅವರ ಅಳತೆಗಳು ಹೆಚ್ಚು ಬೆಲೆಯುಳ್ಳವು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಸಂಗತಿ. ಗಿಡ ಏನನ್ನೋ ಗ್ರಹಿಸಿ ಅಲುಗಿತೇ ಎಂದು ನಾವು ಕೇಳುತ್ತಿದ್ದೆವು. ಅಲುಗಿದ್ದನ್ನು ಗಿಡ ಗ್ರಹಿಸಿತೇ ಎಂದು ಕೇಳಬೇಕಿತ್ತು. ಸ್ಟ್ಯಾನ್‌ಫರ್ಡಿನಲ್ಲಿ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡಗಳಿಗೆ ಹಾರ್ಮೋನು ಸಿಂಪಡಿಸಿದಾಗ ಕೆಲವು ಜೀನುಗಳು ಚುರುಕಾದವು, ಬರೀ ನೀರು ಸಿಂಪಡಿಸಿದ ಗಿಡಗಳಲ್ಲೂ ಅವೇ ಚುರುಕಾದವು. ಮುಟ್ಟಿದ್ದೇ ಕಾರಣವೆಂದು ಅವರು 1990ರಲ್ಲಿ ಪ್ರಕಟಿಸಿದರು. ಪದೇ ಪದೇ ಅಲುಗಾಡಿಸಿದ ಗಿಡ ಗಿಡ್ಡವಾಗಿ, ಗಟ್ಟಿಮುಟ್ಟಾಗಿ ಬೆಳೆಯುತ್ತದೆ. ಮಿಸೌರಿ ವಿಶ್ವವಿದ್ಯಾಲಯದ ಹೈಡಿ ಅಪೆಲ್ ಮತ್ತು ರೆಕ್ಸ್ ಕಾಕ್ರಾಫ್ಟ್ 2014ರಲ್ಲಿ ಇನ್ನೂ ಮುಂದೆ ಹೋದರು: ಕಂಬಳಿಹುಳು ಎಲೆ ಕಡಿಯುವಾಗಿನ ಕಂಪನವನ್ನಷ್ಟೇ ಎಲೆಗೆ ತಾಗಿಸಿದರೆ, ಆಮೇಲೆ ನಿಜವಾದ ಹುಳು ಬಂದಾಗ ಗಿಡ ಕಹಿರಸಾಯನಗಳನ್ನು ಹೆಚ್ಚು ತಯಾರಿಸುತ್ತದೆ, ಗಾಳಿಯ ಕಂಪನಕ್ಕೆ ಹಾಗೆ ಮಾಡುವುದಿಲ್ಲ. ಎಂದರೆ ನಮ್ಮನ್ನು ಬೆರಗುಗೊಳಿಸಿದ ಆ ತೂಗಾಟ ಬರೀ ಗಾಳಿಯೆಂದು ಗಿಡಕ್ಕೆ ನಮಗಿಂತ ಮೊದಲೇ ‘ತಿಳಿದಿದ್ದೀತು’.

ಇದನ್ನೆಲ್ಲ ಹೇಳಿದಾಗ ಅತ್ತೆ ಶಾಂತಿಪರ್ವವನ್ನು ನೆನಪಿಸಿದರು. ಅಲ್ಲಿ ಭೃಗು ಭರದ್ವಾಜನಿಗೆ, ಬಳ್ಳಿ ಮರವನ್ನು ಹುಡುಕಿ ಸುತ್ತುವುದರಿಂದ ಅದಕ್ಕೆ ಕಣ್ಣು ಕಾಣುತ್ತದೆ, ಗುಡುಗಿಗೆ ಹೂವು ಹಣ್ಣು ಉದುರುವುದರಿಂದ ಗಿಡಕ್ಕೆ ಕಿವಿ ಕೇಳುತ್ತದೆ ಎಂದು ವಾದಿಸುತ್ತಾನೆ. “ನೀನು ಫ್ರಿಜ್ಜಿನ ಕಥೆ ಹೇಳಿ ಕೊನೆಗೆ ಅಲ್ಲಿಗೇ ಬಂದೆಯಲ್ಲ” ಎಂದು ನಕ್ಕರು. ನಾನು ಅಲ್ಲಿಯವರೆಗೆ ಬಂದಿಲ್ಲ. ಗ್ರಹಿಸುವುದು ಬೇರೆ, ಅನುಭವಿಸುವುದು ಬೇರೆ; ನರಗಳಾಗಲಿ ಮಿದುಳಾಗಲಿ ಇಲ್ಲದ ಗಿಡಕ್ಕೆ ಪ್ರಜ್ಞೆ ಇಲ್ಲ, ಅದರ ಅಗತ್ಯವೂ ಇಲ್ಲ ಎಂದು ಲಿಂಕನ್ ಟೈಜ್ ಮತ್ತಿತರ ಸಸ್ಯವಿಜ್ಞಾನಿಗಳು 2019ರಲ್ಲಿ ಬರೆದದ್ದು ನನಗೆ ಒಪ್ಪಿಗೆಯಾಗುತ್ತದೆ. ಬಿಸಿಗಾಳಿಗೆ ಅಂಚು ಒಣಗತೊಡಗಿದ್ದ ಕ್ಯಾಲೇಡಿಯಂನ್ನು ಪೂರ್ವದ ಕಿಟಕಿಯ ಬಳಿಗೆ ಸ್ಥಳಾಂತರಿಸಿದೆ. ಹಾದುಹೋಗುವಾಗಲೆಲ್ಲ ಎಲೆಗಳನ್ನು ಪ್ರೀತಿಯಿಂದ ಸವರುವ ಅಭ್ಯಾಸ ಅತ್ತೆಗಿದೆ. ಹಾಗೆ ಮುಟ್ಟುತ್ತಲೇ ಇದ್ದರೆ ಬೆಳವಣಿಗೆ ಕುಂಠಿತವಾದೀತು ಎಂದು ಎಚ್ಚರಿಸಿದೆ. ಎಲೆ ಒರೆಸುವುದನ್ನು ಅವರು ವಾರಕ್ಕೊಮ್ಮೆಗೆ ಇಳಿಸಿದ್ದಾರೆ, ಸವರುವುದನ್ನು ಮಾತ್ರ ಬಿಟ್ಟಿಲ್ಲ.